ಕೊಕ್ಕರೆಯ ಎಡಗಾಲು

ನಮ್ಮ ಮಾವ ಕಲಾವಿದರಾದದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ಹಿಂದಿನ ಶುಕ್ರವಾರ ಸಂಜೆ ಐದೂವರೆಯವರೆಗೂ ಅವರು ನೀರು ಸರಬರಾಜು ಕಚೇರಿಯಲ್ಲಿ ನಕ್ಷೆಗಾರರಾಗಿದ್ದರು. ಮೂವತ್ನಾಲ್ಕು ವರ್ಷ ನೆಲದೊಳಗಿನ ಪೈಪುಗಳನ್ನು ಕಾಗದದ ಮೇಲೆ ಎಳೆದೆಳೆದು ನಿವೃತ್ತರಾಗಿ, ಶನಿವಾರ ಭಾನುವಾರ ಸುಮ್ಮನೆ ಕೂತು, ಸೋಮವಾರ ಕಚೇರಿಯ ಹೊತ್ತಿಗೆ ಸರಿಯಾಗಿ ಕೈ ತುರಿಸಿದ್ದರಿಂದ ಕಲಾಸೇವೆ ಶುರು ಮಾಡಿದರು. ನಾನು ಅವರ ಅಕ್ಕನ ಮಗ. ಎದುರು ಕಟ್ಟಡದಲ್ಲೇ ನನ್ನ ವಾಸ. ಹಾಗಾಗಿ ಈ ಪ್ರಕರಣಕ್ಕೆ ಮೊದಲಿನಿಂದ ಕೊನೆಯವರೆಗೂ ನಾನೇ ಸಾಕ್ಷಿ.

ಮಾವನ ನಡುಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಪ್ರಮಾಣಪತ್ರವಿದೆ. 'ಇವರ ನಕ್ಷೆಯನ್ನು ನಂಬಿ ಅಗೆದ ಕಡೆ ಪೈಪು ಸಿಗದೇ ಹೋದ ಉದಾಹರಣೆ ಇಲ್ಲ' ಎಂದು ಮುಖ್ಯ ಎಂಜಿನಿಯರು ಸಹಿ ಹಾಕಿಕೊಟ್ಟದ್ದು. ಅದಕ್ಕೆ ಜಾಗ ಬೇಕಾಗಿ ಅವರ ಮದುವೆಯ ಫೋಟೋ ಬಚ್ಚಲ ಕಡೆಯ ಓಣಿಗೆ ವರ್ಗವಾಯಿತು. ಅತ್ತೆ ಆಗ ಏನೂ ಅನ್ನಲಿಲ್ಲ. ಅತ್ತೆ ಏನೂ ಅನ್ನದೇ ಇರುವುದು ಒಳ್ಳೆಯ ಲಕ್ಷಣವಲ್ಲ ಎಂದು ನಮ್ಮ ಮನೆತನದಲ್ಲಿ ಎಲ್ಲರಿಗೂ ಗೊತ್ತು, ಮಾವನೊಬ್ಬರನ್ನು ಬಿಟ್ಟು.

ಮಾವನ ಸಿದ್ಧಾಂತ ಒಂದೇ: ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಮರ ಬರೆಯಲು ಕೂತರು, ಎಲೆ ಅಲ್ಲಾಡಿತು. ಮೋಡ ಬರೆಯಲು ಕೂತರು, ಅದು ಓಡಿತು. ಅತ್ತೆಯನ್ನು ಕೂರಿಸಿದರು, ಅತ್ತೆ ಮಾತಾಡಿದರು. ಅಲ್ಲಾಡದ, ಓಡದ, ಮಾತಾಡದ ವಸ್ತುವಿಗಾಗಿ ಮನೆಯೆಲ್ಲ ತಡಕಿದಾಗ ಸಿಕ್ಕಿದ್ದು ಬಟ್ಟೆ ಒಗೆಯುವ ಕೊಕ್ಕರೆ ಸೋಪು.

ಕೊಕ್ಕರೆ ಸೋಪು ಯಾರಿಗೆ ಗೊತ್ತಿಲ್ಲ? ಹಳದಿ ಹೊದಿಕೆ, ನೀಲಿ ಕೊಳ, ಕೊಳದ ನಡುವೆ ಒಂದು ಕಾಲು ಮಡಚಿ ನಿಂತ ಬಿಳಿ ಕೊಕ್ಕರೆ. ನಮ್ಮ ಅಜ್ಜಿಯ ಕಾಲದಿಂದ ಅದು ಹಾಗೇ ನಿಂತಿದೆ. ಕಣ್ಣು ಕಟ್ಟಿ ಬಿಟ್ಟರೂ ಗುರುತು ಹಿಡಿಯುತ್ತೇವೆ. ಕಣ್ಣು ಬಿಟ್ಟು ನೋಡಿದವರು ಮಾತ್ರ ಯಾರೂ ಇಲ್ಲ.

ಮಾವ ನೋಡಿದರು. ಇಪ್ಪತ್ತೆರಡು ದಿನ, ಕಚೇರಿಯಿಂದ ತಂದ ಭೂತಗನ್ನಡಿ ಹಿಡಿದು, ಹೊಚ್ಚ ಹೊಸ ಸೋಪೊಂದನ್ನು ಮೇಜಿನ ಮೇಲೆ ನಿಲ್ಲಿಸಿ, ನಾಲ್ಕಡಿ ಅಗಲದ ಹಲಗೆಯ ಮೇಲೆ ಬರೆದರು. ಹೊದಿಕೆಯ ಸುಕ್ಕು ಬಿಡಲಿಲ್ಲ, ಅಂಟಿನ ಕಲೆ ಬಿಡಲಿಲ್ಲ, ಹೆಸರಿನ ಪಕ್ಕದಲ್ಲಿ ಸಾಸಿವೆಯಷ್ಟು ಸೊನ್ನೆಯೊಳಗೆ 'ಆರ್' ಅಕ್ಷರವಿರುತ್ತದಲ್ಲ, ನೋಂದಣಿಯಾದ ಗುರುತು, ಅದನ್ನೂ ಬಿಡಲಿಲ್ಲ.

"ಮನೇಲಿ ಮನುಷ್ಯರಿದ್ದೀವಿ, ಸೋಪಿನ ಮುಖ ನೋಡ್ತಾ ಕೂತಿದ್ದೀರಲ್ಲ," ಎಂದರು ಅತ್ತೆ, ಅಂಗೈಗೆ ಎಣ್ಣೆ ಸವರಿಕೊಳ್ಳುತ್ತ. "ಈಚೆಗೆ ಇದರಲ್ಲಿ ನೊರೆಯೂ ಬರಲ್ಲ. ಕೈ ಬೇರೆ ಉರಿಯತ್ತೆ."

"ಪಕ್ಕಕ್ಕೆ ಸರಿ. ನಿನ್ನ ಕೈ ನೆರಳು ಸೋಪಿನ ಮೇಲೆ ಬೀಳ್ತಿದೆ," ಎಂದರು ಮಾವ.

ನಮ್ಮ ಬೀದಿಯ ಲೈಬ್ರರಿಯಲ್ಲಿ ಹದಿನೈದು ದಿನದ ಚಿತ್ರಪ್ರದರ್ಶನ ಏರ್ಪಾಡಾಗಿತ್ತು. ಅಲ್ಲಿನ ಲೈಬ್ರರಿಯಮ್ಮ ಪುಸ್ತಕಕ್ಕೆ ಒಂದು ಕಾನೂನು, ಮನುಷ್ಯರಿಗೆ ಒಂದು ಕಾನೂನು ಎಂದು ಭೇದ ಮಾಡದ ಹೆಂಗಸು. ಎರಡನ್ನೂ ಸಾಲಾಗಿ, ಸದ್ದಿಲ್ಲದೆ ನಿಲ್ಲಿಸುತ್ತಾರೆ. ಮಾವನ ಚಿತ್ರಕ್ಕೆ ಪತ್ರಿಕೆಗಳ ಮೇಜಿನ ಎದುರಿನ ಗೋಡೆಯನ್ನೇ ಕೊಟ್ಟರು.

ಮೊದಲ ದಿನ ಬಂದ ಮೊದಲ ಪ್ರೇಕ್ಷಕ "ಲೈಬ್ರರೀಲೂ ಜಾಹೀರಾತು ಶುರುವಾಯ್ತಾ?" ಎಂದ. ಮಾವ ನುಂಗಿಕೊಂಡರು. ಎರಡನೆಯವಳು "ಇದನ್ನ ನೋಡಿ ನೆನಪಾಯ್ತು, ಸೋಪು ಮುಗಿದಿದೆ," ಎಂದು ಅಲ್ಲಿಂದಲೇ ಓಡಿದಳು. ಅದನ್ನೂ ನುಂಗಿಕೊಂಡರು. ಆಮೇಲೆ ಪತ್ರಿಕೆಯ ಮೇಜಿನಿಂದ ಇಬ್ಬರು ಮುದುಕರು ಎದ್ದು ಬಂದರು. ಒಬ್ಬರು ಪತ್ರಿಕೆಯ ಮೊದಲ ಪುಟ ಮಾತ್ರ ಓದುತ್ತಾರೆ, ಇನ್ನೊಬ್ಬರು ಕೊನೆಯ ಪುಟ ಮಾತ್ರ. ಹನ್ನೊಂದು ವರ್ಷದಿಂದ ಯಾವ ವಿಷಯದಲ್ಲೂ ಅವರಿಬ್ಬರೂ ಒಪ್ಪಿದ್ದಿಲ್ಲ.

"ಕೆಲಸ ಅಚ್ಚುಕಟ್ಟು," ಎಂದರು ಮೊದಲ ಪುಟದ ತಾತ. "ಆದ್ರೆ ಕಾಲು ತಪ್ಪು. ಕೊಕ್ಕರೆ ಮಡಚೋದು ಬಲಗಾಲು. ಇಲ್ಲಿ ಎಡಗಾಲು ಮಡಚಿದೆ."

"ಹೌದು. ಬಲಗಾಲೇ," ಎಂದರು ಕೊನೆ ಪುಟದ ತಾತ.

ಅವರಿಬ್ಬರೂ ಒಪ್ಪಿದ್ದು ಕಂಡು ಇಡೀ ಸಭಾಂಗಣಕ್ಕೇ ಗಾಬರಿಯಾಯಿತು. ಮಾವನ ಮುಖ ಸುಣ್ಣದ ಗೋಡೆಯಂತಾಯಿತು. ಮೂವತ್ನಾಲ್ಕು ವರ್ಷದಲ್ಲಿ ಪೈಪಿನ ಒಂದು ವಾಲ್ವನ್ನೂ ಒಂದಿಂಚು ಆಚೀಚೆ ಬರೆಯದ ಮನುಷ್ಯ, ಒಂದು ಇಡೀ ಕಾಲನ್ನೇ ಅದಲುಬದಲು ಬರೆದನೆಂದರೆ ಆ ಪ್ರಮಾಣಪತ್ರಕ್ಕೆ ಏನು ಬೆಲೆ?

"ಈಗಲೇ ಸೋಪು ತಂದು ಪಕ್ಕದಲ್ಲಿ ಹಿಡಿದು ತೋರಿಸ್ತೀನಿ!" ಎಂದು ಮಾವ ಮೆಟ್ಟಿಲಿಳಿದು ಓಡಿದರು. ಬಾಗಿಲಲ್ಲಿ ಅವರನ್ನು ತಡೆದವನು ಸೆಕ್ಷನ್.

ಸೆಕ್ಷನ್ ಎಂದರೆ ಮಾವನ ಕೆಳಗಿನ ಮನೆಯವನು, ನೋಟರಿ ಆಫೀಸಿನ ಟೈಪಿಸ್ಟು. ಹದಿನೆಂಟು ವರ್ಷದಿಂದ ಕಾನೂನನ್ನು ಟೈಪು ಮಾಡಿದ್ದಾನೆ, ಒಂದು ದಿನವೂ ಓದಿಲ್ಲ. ಆದರೂ ಅವನ ಬಾಯಿಂದ ಒಂದು ಸೆಕ್ಷನ್ ನಂಬರು ಬಿತ್ತೆಂದರೆ ನಮ್ಮ ಕಟ್ಟಡದಲ್ಲಿ ನೀರಿನ ಪಂಪೂ ನಿಲ್ಲುತ್ತದೆ.

"ಕಂಪನಿಯಿಂದ ಅನುಮತಿ ತಗೊಂಡಿದ್ದೀರಾ?" ಎಂದ ಸೆಕ್ಷನ್.

"ಸೋಪು ಬರೆಯೋಕೆ ಅನುಮತಿಯೇ? ದುಡ್ಡು ಕೊಟ್ಟು ತಂದ ಸೋಪು!"

"ಸೋಪು ನಿಮ್ಮದು. ಕೊಕ್ಕರೆ ಅವರದು. ಟ್ರೇಡ್‌ಮಾರ್ಕು! ಸೊನ್ನೆಯೊಳಗೆ ಆರ್ ಅಂತ ನೀವೇ ಬರೆದಿದ್ದೀರಿ. ಇನ್ನು 'ನನಗೆ ಗೊತ್ತಿರಲಿಲ್ಲ' ಅಂತ ಹೇಳೋಕೂ ಬಾಯಿಲ್ಲ. ನಿಮ್ಮ ವಿರುದ್ಧ ನೀವೇ ನಾಲ್ಕಡಿ ಅಗಲದ ದಾಖಲೆ ತಯಾರಿಸಿದ್ದೀರಿ."

ಮಾವ ಹಿಂತಿರುಗಿ ಸಭಾಂಗಣದ ಕಡೆ ಕೈ ತೋರಿಸಿದರು. "ಅವರು ಕಾಲು ತಪ್ಪು ಅಂತಿದ್ದಾರೆ. ಸೋಪು ತಂದು ತೋರಿಸಬೇಡವೇ?"

"ತನ್ನಿ, ತನ್ನಿ. ಪಕ್ಕದಲ್ಲೇ ಹಿಡೀರಿ. ಗೆರೆಗೆ ಗೆರೆ ನಕಲು ಮಾಡಿದ್ದೀನಿ ಅಂತ ಹತ್ತು ಜನರ ಮುಂದೆ ಒಪ್ಪಿಕೊಂಡ ಹಾಗಾಗತ್ತೆ. ನನಗೇನು, ಜಾಮೀನು ಅರ್ಜಿ ಟೈಪು ಮಾಡಿಕೊಡ್ತೀನಿ."

ಹೀಗೆ ಮಾವ ಸಿಕ್ಕಿಬಿದ್ದರು. ಚಿತ್ರ ಸರಿಯಾಗಿದೆ ಎಂದು ರುಜುವಾತು ಮಾಡಿದರೆ ಜೈಲು, ಮಾಡದಿದ್ದರೆ ಅವಮಾನ. ಇತ್ತ ಮುದುಕರಿಬ್ಬರೂ ಬಂದವರಿಗೆಲ್ಲ ಕಾಲು ತೋರಿಸಿ ನಗಾಡುತ್ತಿದ್ದರು. ಮನೆಗೆ ಹೋಗಿ ಸೋಪು ನೋಡಿ ಬರೋಣವೆಂದು ಅವರಿಗೂ ಅನಿಸಲಿಲ್ಲ. ನೋಡಿದರೆ ವಾದ ಮುಗಿದುಹೋಗುತ್ತದಲ್ಲ!

ಮಂಗಳವಾರ ಲೈಬ್ರರಿಯಮ್ಮ ಹೇಳಿಕಳಿಸಿದರು. ಕಂದು ಚೀಲದ ಒಬ್ಬ ಅಪರಿಚಿತ ಬಂದು ಮಾವನ ಚಿತ್ರದ ಮುಂದೆ ಅರ್ಧ ಗಂಟೆ ನಿಂತಿದ್ದನಂತೆ. ಜೇಬಿನಿಂದ ಭೂತಗನ್ನಡಿ ತೆಗೆದು ಕೊಕ್ಕರೆಯ ಕಾಲನ್ನೇ ನೋಡಿದನಂತೆ. ಫೋಟೋ ತೆಗೆಯಲು ಹೋದಾಗ ಲೈಬ್ರರಿಯಮ್ಮ ನಿಯಮದ ಹಲಗೆ ತೋರಿಸಿ ತಡೆದರಂತೆ. "ಇದನ್ನ ಬರೆದವರ ವಿಳಾಸ ಕೊಡಿ. ಶನಿವಾರ ಮತ್ತೆ ಬರ್ತೀನಿ," ಎಂದು ಹೋದನಂತೆ.

ಆ ಕ್ಷಣದಿಂದ ಮಾವನಿಗೆ ಜಗತ್ತಿನ ಮೇಲೆ ಗುಮಾನಿ ಹುಟ್ಟಿತು. ಕಿಟಕಿಗೆ ಪರದೆ ಬಂತು, ಪರದೆಗೆ ಒಂದು ತೂತು ಬಂತು, ತೂತಿಗೆ ಮಾವನ ಕಣ್ಣು ಬಂತು. ಪೇಪರ್ ಹಾಕುವವನು ಎಂದಿಗಿಂತ ಮೆಲ್ಲಗೆ ಸೈಕಲ್ ತುಳಿದ: ಕಂಪನಿಯವನು. ಗ್ಯಾಸಿನವನು ಸಿಲಿಂಡರು ಇಳಿಸಿ ಅಡುಗೆಮನೆ ಸುತ್ತ ಒಮ್ಮೆ ನೋಡಿದ: ಕಂಪನಿಯವನು. ಮೇಲಿನ ಮನೆಗೆ ಹೊಸದಾಗಿ ಬಂದಾಕೆ ಬೆಳ್ಳಗೆ ಒಗೆದ ಬಟ್ಟೆ ಒಣಹಾಕುತ್ತಾಳೆ: ಇಷ್ಟು ಬೆಳ್ಳಗೆ ಒಗೆಯುವವರು ಕಂಪನಿಯವರಲ್ಲದೆ ಇನ್ಯಾರು? ಮನೆಯೊಳಗೆ ಸೋಪು ಎಂಬ ಶಬ್ದಕ್ಕೆ ನಿಷೇಧ ಬಿತ್ತು. ಅತ್ತೆ 'ಆ ವಸ್ತು' ಎನ್ನಬೇಕಾಯಿತು. "ಆ ವಸ್ತು ಬಚ್ಚಲಲ್ಲಿ ಜಾರಿ ಬಿತ್ತು" ಎಂದು ಅತ್ತೆ ಕೂಗಿದ್ದು ಕೇಳಿ ಮೇಲಿನ ಮನೆಯಾಕೆ, ಯಾರಿಗೋ ಏನೋ ಆಯಿತೆಂದು ಡಾಕ್ಟರನ್ನೇ ಕರೆದುಕೊಂಡು ಬಂದಳು. ಡಾಕ್ಟರೂ ಕಂಪನಿಯವರು ಎಂದು ತೀರ್ಮಾನವಾಯಿತು.

ಬುಧವಾರ ನಾನು ಹೋದಾಗ ನನ್ನ ಚೀಲವನ್ನೂ ತಪಾಸಣೆ ಮಾಡಿದರು.

"ಮಾವ, ನಾನು ನಿಮ್ಮ ಅಕ್ಕನ ಮಗ!"

"ಕಂಪನಿಯವರಿಗೆ ಅಕ್ಕನ ಮಕ್ಕಳನ್ನ ಕೊಂಡುಕೊಳ್ಳೋದು ಕಷ್ಟವೇನಲ್ಲ," ಎಂದರು ಮಾವ, ನನ್ನ ಊಟದ ಡಬ್ಬಿ ಮೂಸುತ್ತ.

ಮಾವ ಗುಮಾನಿ ಪಡದಿದ್ದದ್ದು ಒಬ್ಬನ ಮೇಲೆ ಮಾತ್ರ. ಅತ್ತೆಯ ತಮ್ಮ, ಮಾವನ ಭಾಮೈದ, ನಮ್ಮ ಬೀದಿಯ ಮೂಲೆಯಲ್ಲಿ ದಿನಸಿ ಅಂಗಡಿ ಇಟ್ಟವನು. ಬೀದಿಗೆಲ್ಲ ಉಪ್ಪಿನಿಂದ ಸೋಪಿನವರೆಗೆ ಅವನ ಅಂಗಡಿಯದೇ. ಎಂದೂ ಮನೆಕಡೆ ತಲೆ ಹಾಕದ ಅವನು ಸುದ್ದಿ ತಿಳಿದದ್ದೇ ಅಂಗಡಿ ಬಿಟ್ಟು ಓಡಿಬಂದ.

"ಭಾವ, ನಿಮ್ಮಂಥ ದೊಡ್ಡ ಕಲಾವಿದರಿಗೆ ಈ ಗತಿಯೇ? ಮೊದಲು ಮನೇಲಿರೋ ಸೋಪನ್ನೆಲ್ಲ ಕೊಡಿ. ಸಾಕ್ಷಿ ಒಂದೂ ಉಳೀಬಾರದು."

"ಎಲ್ಲಿ ಇಡ್ತೀಯಪ್ಪ?"

"ಆ ಚಿಂತೆ ನನಗಿರಲಿ. ಆಮೇಲೆ ಆ ಚಿತ್ರಾನೂ ಇಳಿಸಿಬಿಡಿ."

"ಇಳಿಸೋಕೆ ಲೈಬ್ರರಿಯಮ್ಮ ಬಿಡಲ್ಲ. ಹದಿನೈದು ದಿನ ಅಂದ್ರೆ ಹದಿನೈದು ದಿನ ಅಂತಾರೆ."

ಭಾಮೈದ ತಲೆ ಕೆರೆದುಕೊಂಡ. "ಹಾಗಾದ್ರೆ ಕಾಲು ಬದಲಾಯಿಸಿ. ಎಡಗಾಲು ಇಳಿಸಿ, ಬಲಗಾಲು ಮಡಚಿ. ಎಲ್ಲಾರೂ ಬಲಗಾಲು ಅಂತಿದ್ದಾರಲ್ಲ, ಅವರ ಬಾಯಿಗೂ ಬೀಗ ಬೀಳತ್ತೆ."

ಸೆಕ್ಷನ್‌ನನ್ನು ಕರೆಸಿ ಕೇಳಿದರು. ಅವನು ಗಲ್ಲಕ್ಕೆ ಕೈಯಿಟ್ಟು, "ಕಂಪನಿಯ ಕೊಕ್ಕರೆ ಎಡಗಾಲು ಮಡಚತ್ತೆ, ನಿಮ್ಮದು ಬಲಗಾಲು ಮಡಚತ್ತೆ ಅಂದ್ರೆ ಗುರುತೇ ಬೇರೆ, ಪಕ್ಷಿಯೇ ಬೇರೆ. ಕೇಸು ನಿಲ್ಲಲ್ಲ," ಎಂದು ತೀರ್ಪು ಕೊಟ್ಟ.

ಮಾವ ಸೋಪುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಕೊಟ್ಟರು. "ಇಷ್ಟೇನಾ ಅಕ್ಕ?" ಎಂದು ಭಾಮೈದ ಮೂರು ಸಲ ಕೇಳಿದ. ಅತ್ತೆ ಮೂರು ಸಲವೂ "ಇಷ್ಟೇ" ಎಂದರು. ಅವನು ಹೋದಮೇಲೆ ಮಾವನ ಕಣ್ಣು ಒದ್ದೆಯಾಗಿತ್ತು. "ಕಷ್ಟಕಾಲದಲ್ಲಿ ಆಗೋರು ಅಂದ್ರೆ ಇವನೊಬ್ಬನೇ ನೋಡೋ," ಎಂದರು ನನಗೆ.

ಗುರುವಾರ ಮಧ್ಯಾಹ್ನ, ಲೈಬ್ರರಿಯಲ್ಲಿ ಜನ ಕಡಿಮೆಯಿದ್ದಾಗ, ಮಾವ ಬಣ್ಣದ ಪೆಟ್ಟಿಗೆ ಹಿಡಿದು ಹೋದರು. ಬೆಂಬಲಕ್ಕೆ ಭಾಮೈದ, ಸ್ಟೂಲು ಹಿಡಿಯಲು ನಾನು. ಮಾವ ಸ್ಟೂಲು ಹತ್ತಿ ಕುಂಚ ಎತ್ತಿದರು. ಕುಂಚ ಗಾಳಿಯಲ್ಲೇ ನಿಂತಿತು.

"ಇಲ್ಲದ ಕಾಲನ್ನ ಬರೆಯೋದು ಹೇಗಪ್ಪ?" ಎಂದರು. ಅವರ ದನಿ ಕೇಳಿ ನನಗೆ ಸಂಕಟವಾಯಿತು. ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯ ಸುಳ್ಳು ಗೆರೆ ಎಳೆಯಲು ಹೊರಟಿದ್ದರು.

"ಬೇಗ, ಭಾವ," ಎಂದ ಭಾಮೈದ.

"ತಡಿ. ಪದ್ಧತಿ ಪ್ರಕಾರ ಆಗಲಿ."

ಪದ್ಧತಿ ಎಂದರೆ ಅವರ ಕಚೇರಿಯ ಪದ್ಧತಿ. ಯಾವುದೇ ನಕ್ಷೆ ತಿದ್ದುವ ಮೊದಲು, ಹಿಂದೆ ಹೇಗಿತ್ತೋ ಅದನ್ನು ತೆಳು ಕಾಗದದ ಮೇಲೆ ಇಳಿಸಿಕೊಂಡು, ತಾರೀಕು ಹಾಕಿ, ಸಾಕ್ಷಿಯ ಸಹಿ ಪಡೆದು, ನಕ್ಷೆ ಸುತ್ತಿಡುವ ಕೊಳವೆಯಲ್ಲಿಡಬೇಕು. ಮಾವ ಎಡಗಾಲು ಮಡಚಿದ ಕೊಕ್ಕರೆಯನ್ನು ಕಾಗದಕ್ಕೆ ಇಳಿಸಿದರು, ಅಡಿಯಲ್ಲಿ ಎರಡು ಸಾಲು ಬರೆದರು, ಭಾಮೈದನ ಮುಂದೆ ಹಿಡಿದರು. ಅವನು ಬಾಗಿಲ ಕಡೆ ನೋಡುತ್ತಲೇ ಸಹಿ ಗೀಚಿದ. ಆಮೇಲೆ ಮಾವ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟು, ಕಣ್ಣು ತೆರೆದು ಕಾಲು ಬದಲಾಯಿಸಿದರು. ಆ ಸಂಜೆ ಮುದುಕರಿಬ್ಬರೂ ಬಂದು "ಈಗ ಸರಿಹೋಯ್ತು," ಎಂದು ಬೆನ್ನು ತಟ್ಟಿದರು. ಮಾವ ಅಂದು ಊಟ ಮಾಡಲಿಲ್ಲ.

ಶನಿವಾರ ಕಂದು ಚೀಲದವನು ಬಂದೇಬಿಟ್ಟ. ಲೈಬ್ರರಿಯಮ್ಮ ಕರೆಕಳಿಸಿದ ಮೇಲೆ ನಾವೆಲ್ಲ ಮೆರವಣಿಗೆ ಹೊರಟೆವು: ಮುಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮಾವ, ಬಗಲಲ್ಲಿ ನಕ್ಷೆಯ ಕೊಳವೆ, ಕೈಯಲ್ಲಿ ಭೂತಗನ್ನಡಿ, ಹಿಂದೆ ಕೈಚೀಲ ಹಿಡಿದ ಅತ್ತೆ, ಟೈಪು ಮಾಡಿದ ಜಾಮೀನು ಅರ್ಜಿಯೊಂದಿಗೆ ಸೆಕ್ಷನ್, ಬೇಡವೆಂದರೂ ಬಂದ ಭಾಮೈದ, ನಾನು.

"ನಾನು ಕೊಕ್ಕರೆ ಸೋಪಿನ ಕಂಪನಿಯಿಂದ ಬಂದಿದ್ದೀನಿ," ಎಂದ ಕಂದು ಚೀಲದವನು.

ಮಾವ ಎರಡೂ ಕೈ ಮುಂದೆ ಚಾಚಿದರು. "ಕೋಳ ತಂದಿದ್ದೀರಾ?"

ಅವನು ಕೇಳಿಸಿಕೊಳ್ಳಲಿಲ್ಲ. ಚಿತ್ರದ ಮುಂದೆ ನಿಂತು ತಲೆ ಮೇಲೆ ಕೈ ಹೊತ್ತುಕೊಂಡಿದ್ದ. "ಅಯ್ಯಯ್ಯೋ! ಕಾಲು! ಮೊನ್ನೆ ಎಡಗಾಲು ಮಡಚಿತ್ತಲ್ಲ, ಎಲ್ಲಿ ಹೋಯ್ತು? ಇದು ನಮ್ಮ ಕೊಕ್ಕರೆ!"

"ನಿಮ್ಮದಾಗಬಾರದು ಅಂತಲೇ ಬದಲಾಯಿಸಿದ್ದು!"

"ಬದಲಾಯಿಸಿದ ಮೇಲೇ ನಮ್ಮದಾಗಿದ್ದು!"

ಸೆಕ್ಷನ್ ಜಾಮೀನು ಅರ್ಜಿಯನ್ನು ಮೆಲ್ಲಗೆ ಎರಡಾಗಿ ಮಡಚಿದ.

"ಅಂದ್ರೆ, ಮೊದಲಿಂದಲೂ ಕೊಕ್ಕರೆ ಮಡಚೋದು ಬಲಗಾಲು?" ಎಂದರು ಮಾವ. ಅವರ ದನಿ ಎಲ್ಲೋ ಪೈಪಿನೊಳಗಿಂದ ಬಂದಂತಿತ್ತು.

"ಎಪ್ಪತ್ತು ವರ್ಷದಿಂದ ಬಲಗಾಲೇ. ಎಡಗಾಲು ಮಡಚೋದು ನಕಲಿ ಸೋಪಿನ ಕೊಕ್ಕರೆ. ಆರು ತಿಂಗಳಿಂದ ಈ ಕಡೆ ಯಾರೋ ಮಾರ್ತಿದ್ದಾರೆ. ನಾನು ಬೀದಿ ಬೀದಿ ಅಲೆದೆ, ಎಲ್ಲಾರೂ 'ಅದೇ ಸೋಪು, ಅದೇ ಕೊಕ್ಕರೆ' ಅಂತಾರೆ. ಒಬ್ಬರೂ ಕಣ್ಣಿಟ್ಟು ನೋಡಿಲ್ಲ. ಪೇಪರ್ ಓದೋಣ ಅಂತ ಇಲ್ಲಿಗೆ ಬಂದ್ರೆ ಗೋಡೆ ಮೇಲೆ ನನ್ನ ಕಳ್ಳ ನಾಲ್ಕಡಿ ಅಗಲ ನಿಂತಿದ್ದಾನೆ! ಎಲ್ಲಿ ಕೊಂಡ ಸೋಪು ಸ್ವಾಮಿ ಅದು?"

"ಹಾಗಾದ್ರೆ ನಾನು ಬರೆದಿದ್ದು..."

ಮಾವ ಮಾತು ಮುಗಿಸುವ ಮೊದಲೇ ಭಾಮೈದ ನಡುವೆ ನುಗ್ಗಿದ. "ಅಯ್ಯೋ, ಭಾವನಿಗೆ ವಯಸ್ಸಾಯ್ತು ಸಾರ್, ಕಣ್ಣು ಮಂಜು. ಮೊದಲು ತಪ್ಪು ಬರೆದ್ರು, ಆಮೇಲೆ ತಿದ್ದಿದ್ರು, ಅಷ್ಟೇ. ಯಾವ ನಕಲಿಯೂ ಇಲ್ಲ, ಏನೂ ಇಲ್ಲ."

ಜೈಲೆಂದರೆ ಹೆದರಿದ್ದ ಮಾವ ಈ ಮಾತಿಗೆ ಹೆದರಲಿಲ್ಲ. ಕೊಳವೆಯ ಮುಚ್ಚಳ ತೆಗೆದು ತೆಳು ಕಾಗದ ಬಿಡಿಸಿ ಮೇಜಿನ ಮೇಲೆ ಹಾಸಿದರು. ಎಡಗಾಲು ಮಡಚಿದ ಕೊಕ್ಕರೆ. ಅಡಿಯಲ್ಲಿ ಎರಡು ಸಾಲು. ಲೈಬ್ರರಿಯಮ್ಮ ಗಟ್ಟಿಯಾಗಿ ಓದಿದರು: "ತಿದ್ದುವ ಮುನ್ನ ಇದ್ದ ಸ್ಥಿತಿ. ಮೂಲ ವಸ್ತುವಿನೊಂದಿಗೆ ತಾಳೆ ನೋಡಿದ್ದೇನೆ, ಸರಿಯಾಗಿದೆ." ಕೆಳಗೆ ಭಾಮೈದನ ಸಹಿ.

"ನಾನು ಓದದೇ ಸಹಿ ಹಾಕಿದ್ದು!" ಎಂದ ಭಾಮೈದ.

"ಎಲ್ಲಾರೂ ಹಾಗೇ ಹಾಕೋದು. ನಮ್ಮ ಆಫೀಸು ನಡೀತಿರೋದೇ ಅದರಿಂದ," ಎಂದ ಸೆಕ್ಷನ್. ಅವನು ಹೇಳಿದ್ದರಲ್ಲಿ ನಾನು ಕೇಳಿದ ಮೊದಲ ನಿಜ ಅದು.

"ಮೂಲ ವಸ್ತು ಎಲ್ಲಿ?" ಎಂದ ಕಂದು ಚೀಲದವನು.

"ಎಲ್ಲಾ ಇವನೇ ತಗೊಂಡು ಹೋದ..." ಎನ್ನುತ್ತ ಮಾವ ಅಲ್ಲಿಗೇ ನಿಂತರು. ಅವರ ಗುಮಾನಿ ಕೊನೆಗೂ ಹೋಗಬೇಕಾದ ಮನೆಯ ಬಾಗಿಲು ತಟ್ಟಿತ್ತು.

ಆಗ ಅತ್ತೆ ಕೈಚೀಲ ತೆರೆದು, ಹೊದಿಕೆ ಸಮೇತ ಅರ್ಧ ಸವೆದ ಒಂದು ಸೋಪು ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲಾ ಕೊಟ್ಟೆ ಅಂದೆಯಲ್ಲ!" ಎಂದರು ಮಾವ.

"ಎಲ್ಲಾ ಕೊಟ್ಟಿದ್ರೆ ಇವತ್ತು ನೀವು ಹಾಕಿರೋ ಅಂಗಿ ಯಾವುದರಲ್ಲಿ ಒಗೀತಿದ್ದೆ?"

ಮುದುಕರಿಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದರು. ಎಡಗಾಲು. ಮಾವ ಬರೆದ ಹಾಗೇ, ಅಂಟಿನ ಕಲೆ ಸಮೇತ. "ತಪ್ಪಿದ್ದು ನಿಮ್ಮ ಕೈಯಲ್ಲ," ಎಂದರು ಮೊದಲ ಪುಟದ ತಾತ. ಮಾವ ಎದೆಯುಬ್ಬಿಸಿದರು. ಉಬ್ಬಿದ ಎದೆ ಹೆಚ್ಚು ಹೊತ್ತು ನಿಲ್ಲಲಿಲ್ಲ, ಯಾಕೆಂದರೆ ಅತ್ತೆ ತಮ್ಮನ ಕಡೆ ತಿರುಗಿ ಎರಡೂ ಅಂಗೈ ಚಾಚಿದ್ದರು. ಚರ್ಮ ಪದರ ಪದರವಾಗಿ ಸುಲಿದು, ಬೆರಳ ಸಂದಿಯೆಲ್ಲ ಕೆಂಪಾಗಿ ಸೀಳಿತ್ತು.

"ನಿನ್ನ ಅಂಗಡೀದು ಕಣೋ. ನನಗೂ ಅದನ್ನೇ ಕೊಟ್ಟೆಯಲ್ಲ."

ಭಾಮೈದ ನೆಲ ನೋಡಿದ. "ನಿನಗೊಬ್ಬಳಿಗೆ ಅದನ್ನ ಕೊಡದೇ ಇದ್ದಿದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ, ಅಕ್ಕ," ಎಂದ.

ಮಾವ ಭೂತಗನ್ನಡಿ ಹಿಡಿದ ಕೈಯನ್ನು ಕೆಳಗಿಳಿಸಿದ್ದರು. ಆ ಕೈಗಳನ್ನು ನೋಡಲು ಕನ್ನಡಿ ಬೇಕಿರಲಿಲ್ಲ.

"ಯಾವಾಗಿಂದ ಹೀಗಾಗಿದೆ?"

"ಕೊಕ್ಕರೆ ಕಾಲು ಇಪ್ಪತ್ತೆರಡು ದಿನ ನೋಡಿದ್ರಲ್ಲ," ಎಂದರು ಅತ್ತೆ. "ಅದರ ಪಕ್ಕದಲ್ಲೇ ಇತ್ತು ಈ ಕೈ. ನೆರಳು ಬೀಳ್ತಿದೆ, ಪಕ್ಕಕ್ಕೆ ಸರಿ ಅಂದ್ರಿ."

ಆ ಕೈ ಬಡಿಸಿದ್ದನ್ನು ವಾರಕ್ಕೆ ನಾಲ್ಕು ಸಲ ತಿನ್ನುವ ನಾನೂ ತಲೆ ತಗ್ಗಿಸಿದೆ.

ಭಾಮೈದ ಸೋಪು ತಂದುಕೊಡುತ್ತಿದ್ದವನ ಹೆಸರನ್ನೂ ಗೋದಾಮಿನ ದಾರಿಯನ್ನೂ ಕಂಪನಿಯವನಿಗೆ ಬರೆದುಕೊಟ್ಟ. ಈ ಸಲ ಓದಿ ಸಹಿ ಹಾಕಿದ. ಅಂಗಡಿಯ ಬಾಗಿಲು ಮೂರು ವಾರ ಮುಚ್ಚಿತ್ತು. ಹೊರಡುವ ಮುಂಚೆ ಸೆಕ್ಷನ್ ಕಂಪನಿಯವನ ತೋಳು ಹಿಡಿದು, ಮಾವನ ಮೇಲೆ ಕೇಸು ಯಾವ ಸೆಕ್ಷನ್ನಿನಲ್ಲಿ ಎಂದು ಆಸೆಯಿಂದ ಕೇಳಿದ.

"ಯಾತರ ಕೇಸು? ಚಿತ್ರ ಬರೆದು ಗೋಡೆಗೆ ಹಾಕಿದ್ದಾರೆ. ಇದನ್ನ ನೋಡಿ ಯಾರಾದ್ರೂ ನಮ್ಮದೇ ಸೋಪು ಅಂದ್ಕೊಂಡು ಕೊಂಡ್ರಾ? ನಮ್ಮ ಕೊಕ್ಕರೆ ಇಟ್ಟುಕೊಂಡು ಬೇರೆ ಸೋಪು ಮಾರೋನ ಮೇಲೆ ನಮ್ಮ ಜಗಳ. ಬರೆಯೋರ ಮೇಲೆಲ್ಲ ಕೇಸು ಹಾಕ್ತಾ ಕೂತ್ರೆ ನಾವು ಸೋಪು ಮಾಡೋದು ಯಾವಾಗ?"

ಹದಿನೆಂಟು ವರ್ಷದ ಪಾಂಡಿತ್ಯ ಹೀಗೆ ಒಂದು ಉಸಿರಿನಲ್ಲಿ ಇಲ್ಲವಾದದ್ದನ್ನು ಸೆಕ್ಷನ್ ನಿಂತಲ್ಲೇ ಸಹಿಸಿಕೊಂಡ.

ಮಾವ ಚಿತ್ರದ ಎಡಗಾಲನ್ನು ಮತ್ತೆ ಮಡಚಿ, ಅಡಿಯಲ್ಲಿ 'ನಕಲಿ ಸೋಪು, ಇದ್ದ ಹಾಗೆ' ಎಂದು ಚೀಟಿ ಅಂಟಿಸಿದರು. ಉಳಿದ ದಿನಗಳಲ್ಲಿ ಬೀದಿಯ ಜನವೆಲ್ಲ ತಮ್ಮ ತಮ್ಮ ಮನೆಯ ಸೋಪು ಹಿಡಿದು ಲೈಬ್ರರಿಗೆ ಬಂದು ಕಾಲು ತಾಳೆ ನೋಡಿದರು. ಕಂಪನಿ ಸಂತೋಷದಿಂದ ಒಂದು ಪೆಟ್ಟಿಗೆ ಅಸಲಿ ಸೋಪು ಕಳಿಸಿತು. ಮಾವ ಅದನ್ನು ಬಾಗಿಲ ಹೊರಗೇ ನಿಲ್ಲಿಸಿ ಸುತ್ತ ಮೂರು ಸಲ ನಡೆದರು. "ಇದನ್ನ ತಗೊಂಡ್ರೆ ನನ್ನ ಚಿತ್ರ ಜಾಹೀರಾತಾಗಿಬಿಡತ್ತೆ. ಇದರಲ್ಲೇನೋ ಇದೆ," ಎಂದು ವಾಪಸು ಕಳಿಸಿ, ಬೇರೆ ಅಂಗಡಿಗೆ ನಡೆದು ಹೋಗಿ, ಕಾಲು ನೋಡಿ ಒಂದು ಸೋಪು ಕೊಂಡು ತಂದರು.

ಮುಂದಿನ ಭಾನುವಾರ ನಾನು ಹೋದಾಗ ಪ್ರಮಾಣಪತ್ರ ಬಚ್ಚಲ ಓಣಿಯಲ್ಲಿತ್ತು, ಮದುವೆಯ ಫೋಟೋ ನಡುಮನೆಯಲ್ಲಿತ್ತು. ಅತ್ತೆ ಕೈಗೆ ಮುಲಾಮು ಹಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮಾವ ಬಚ್ಚಲಲ್ಲಿ ಲುಂಗಿ ಮೇಲೆತ್ತಿ ಕಟ್ಟಿ ಬಟ್ಟೆ ಒಗೆಯುತ್ತಿದ್ದರು. ನೊರೆ ಧಾರಾಳವಾಗಿ ಬರುತ್ತಿತ್ತು.

"ಇನ್ನೇನು ಬರೀತೀರಿ, ಮಾವ?" ಎಂದೆ.

"ನಿಮ್ಮತ್ತೆ ಕೈ ಬರೀಬೇಕು ಅಂತಿದೆ."

ಅತ್ತೆ ಅನುಮಾನದಿಂದ ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡರು. "ಇದ್ದ ಹಾಗೇನಾ?"

ಮಾವ ಉಜ್ಜುವುದನ್ನು ನಿಲ್ಲಿಸಿದರು. ಮೂವತ್ನಾಲ್ಕು ವರ್ಷದ ಸಿದ್ಧಾಂತ ಅವರ ಗಂಟಲಲ್ಲಿ ಸಿಕ್ಕಿಕೊಂಡದ್ದು ನನಗೆ ಸ್ಪಷ್ಟವಾಗಿ ಕಾಣಿಸಿತು.

"ಇಲ್ಲ," ಎಂದರು. "ವಾಸಿ ಆದ ಮೇಲೆ."

ಅತ್ತೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಈ ಸಲ ಅದು ಒಳ್ಳೆಯ ಲಕ್ಷಣವೇ ಆಗಿತ್ತು. ಆಮೇಲೆ ಕೈಗಳನ್ನು ಸೆರಗಿನಿಂದ ಹೊರತೆಗೆದು ಮಡಿಲಲ್ಲಿಟ್ಟುಕೊಂಡು, "ಆ ಕಾಲರು ಇನ್ನೊಂದ್ಸಲ ಉಜ್ಜಿ," ಎಂದರು.